ಲೋಲಾಳ ಚಮಚ

ಲೋಲಾ ಅನ್ನ ಬಿಟ್ಟದ್ದು ಚಮಚದ ದೆಸೆಯಿಂದ. ಡಾಕ್ಟರು ಏನಾದರೂ ಬರೆದುಕೊಳ್ಳಲಿ, ನಡೆದದ್ದು ಇಷ್ಟೇ.

ಅದು 1999, ಹೊಸ ಶತಮಾನ ಹುಟ್ಟಿದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂಬ ವೈಟುಕೆ ಗಡಿಬಿಡಿಯ ವರ್ಷ. ಅಮೆರಿಕದ ಹ್ಯಾರಿಸನ್‌ನಲ್ಲಿ ಮುದುಕರನ್ನು ಹಗಲು ನೋಡಿಕೊಳ್ಳುವ ಒಂದು ಡೇಕೇರ್‌ನಲ್ಲಿ ನಾನು ಅಡಿಗೆಗೆ ಇದ್ದೆ. ನನ್ನ ಓದು ನಾಲ್ಕನೇ ಕ್ಲಾಸು. ಇಂಗ್ಲಿಷಿನ ಮಾತೆಲ್ಲ ಮ್ಯಾನೇಜರ್ ಶೈಲಜಾಳದು, ನಮ್ಮ ಮೈಸೂರಿನವಳು. ಲೋಲಾ ಫಿಲಿಪೀನ್ಸಿನ ಮುದುಕಿ. ಲೋಲಾ ಎಂದರೆ ಅವರಲ್ಲಿ ಅಜ್ಜಿ. ಡಿಮೆನ್ಷಿಯಾ, ಅಂದರೆ ಮರೆವಿನ ರೋಗ ಬಂದು ಮಗಳ ಹೆಸರೂ ಮರೆತಿದ್ದಳು. ಚಮಚ ಬಾಯಿಯ ಹತ್ತಿರ ತಂದರೆ ಹಲ್ಲು ಕಚ್ಚುತ್ತಿದ್ದಳು. ಮಗಳು ಗ್ರೇಸ್ ನರ್ಸು. ಫೀಡಿಂಗ್ ಟ್ಯೂಬ್, ಅಂದರೆ ನೇರ ಹೊಟ್ಟೆಗೇ ಕೊಳವೆ ಹಾಕಿಸಲು ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿದ್ದಳು.

ಒಂದು ಮಧ್ಯಾಹ್ನ ನಾನು ಲೋಲಾಳ ಪಕ್ಕ ಕೂತು ಕೈಯಲ್ಲೇ ಸಾರನ್ನ ಉಣ್ಣುತ್ತಿದ್ದೆ. ಮುದುಕಿ ನನ್ನ ತಟ್ಟೆಗೇ ಕೈಹಾಕಿದಳು. ಎಂಜಲು ಎಂದು ಎಳೆದುಕೊಂಡೆ, ಬಿಡಲಿಲ್ಲ. ಬೆರಳ ತುದಿಯಲ್ಲಿ ಅನ್ನ ಒತ್ತಿ, ಹೆಬ್ಬೆರಳಿನಿಂದ ಬಾಯಿಗೆ ನೂಕಿ, ತಟ್ಟೆ ಖಾಲಿ ಮಾಡಿದಳು.

ಸಂಜೆ ಗ್ರೇಸ್ ಬಂದಾಗ ಹೇಳಿದೆವು. ಅವಳ ಮುಖ ಬಿಗಿಯಿತು.

"ಆಂಟಿ, ಇವರಮ್ಮ ಸ್ಕೂಲ್ ಟೀಚರ್ ಆಗಿದ್ರಂತೆ," ಎಂದಳು ಶೈಲಜಾ. "ಕೈಯಲ್ಲಿ ತಿಂದ ಮಕ್ಕಳಿಗೆ ಸ್ಕೇಲಲ್ಲಿ ಹೊಡೀತಿದ್ರಂತೆ. ನೆನಪಿದ್ದಿದ್ರೆ ನಿಮ್ಮನ್ನ ಕ್ಷಮಿಸ್ತಿರಲಿಲ್ಲ ಅಂತಾರೆ."

"ಇವಳಿಗೆ ಚಮಚ ಕಲಿಸಿದ್ದು ಯಾರಂತೆ?"

"ಅಮೆರಿಕದವರ ಸ್ಕೂಲು. ಅದಕ್ಕೂ ಮುಂಚೆ ಸ್ಪೇನ್‌ನವರು ಆಳ್ತಿದ್ರು. ಇವರ ಮನೆತನದ ಹೆಸರು, ಚರ್ಚು ಎಲ್ಲಾ ಅವರದು."

"ಹಾಗಾದ್ರೆ ಇವರದು ಅಂತ ಏನಿದೆ, ಕೇಳು."

"ನಾನು ಕೇಳಲ್ಲ ಆಂಟಿ, ಇನ್ಸಲ್ಟ್ ಆಗುತ್ತೆ."

"ನೀನ್ಯಾಕೆ ಕೇಳ್ತೀಯ. ಫ್ಲಶಿಂಗ್‌ನ ನಮ್ಮ ದೇವಸ್ಥಾನದ ಕ್ಯಾಂಟೀನಲ್ಲೂ ದೋಸೆಗೆ ಫೋರ್ಕ್ ಹುಡುಕೋಳು."

ಶೈಲಜಾ ನಕ್ಕು, ಕೇಳಿಯೇಬಿಟ್ಟಳು. ಗ್ರೇಸ್ ತಾಯಿಯ ಬೆರಳಿಗೆ ಹತ್ತಿದ್ದ ಅರಿಶಿನವನ್ನೇ ನೋಡಿದಳು. ಆಮೇಲೆ ಹೇಳಿದಳು: ಹಳ್ಳಿಯಲ್ಲಿ ತನ್ನ ಅಜ್ಜಿ ಬಾಳೆಲೆಯಲ್ಲಿ ಹೀಗೇ ಉಣ್ಣುತ್ತಿದ್ದಳಂತೆ, ನೆಂಟರು ಬಂದರೆ ಅಮ್ಮ ಆ ಅಜ್ಜಿಯನ್ನು ಹಿಂದಿನ ಕೋಣೆಗೆ ಕಳಿಸುತ್ತಿದ್ದಳಂತೆ.

ಕೊಳವೆಯ ದಿನವನ್ನು ಒಂದು ವಾರ ಮುಂದೂಡಿದಳು. ಹೋಗುವಾಗ ಷರತ್ತು ಹಾಕಿದಳು: ಕೈಯಲ್ಲಿ ಉಣ್ಣಲಿ, ಆದರೆ ಯಾರಿಗೂ ಕಾಣದ ಹಾಗೆ.

ಆ ಕೆಲಸದಲ್ಲಿ ನಾನು ಕಲಿತದ್ದು ಒಂದು. ನಾಚಿಕೆ ಕಲಿಸಿದವರು ದೇಶ ಬಿಟ್ಟು ಹೋದರೂ ನಾಚಿಕೆ ಹೋಗುವುದಿಲ್ಲ. ಅದಕ್ಕೆ ನಾವೇ ಅನ್ನ ಹಾಕಿ ಸಾಕುತ್ತೇವೆ.

ಮರುದಿನ ಬೆಳಗ್ಗೆ ಲೋಲಾಳನ್ನು ನಮ್ಮ ಡೇಕೇರ್‌ನ ಹಿಂದಿನ ಕೋಣೆಗೆ ಒಯ್ಯಲಿಲ್ಲ. ಎಲ್ಲರೂ ಕೂರುವ ಹಾಲ್‌ನ ನಡುವಿನ ಮೇಜಿಗೆ ಎರಡು ತಟ್ಟೆ ತಂದಿಟ್ಟೆ. ಅವಳ ಕೈ ತೊಳೆಸಿ, ಬಿಸಿ ಅನ್ನ ಬಡಿಸಿ, ಪಕ್ಕದಲ್ಲಿ ಕೂತು ನಾನೂ ಕಲೆಸಿಕೊಂಡೆ.