ಎಡಗಡೆಯ ಟೈರುಗಳು

ಆ ವರ್ಷ ನಮ್ಮ ಕಾರಿನಲ್ಲಿ ಹಾಳಾಗುತ್ತಿದ್ದದ್ದು ಎಡಗಡೆಯ ಟೈರುಗಳು. ಬಲಗಡೆಯವೂ ಸವೆದಿದ್ದವು, ಆದರೆ ಮರ್ಯಾದೆಯಿಂದ, ಎಲ್ಲ ಕಡೆ ಒಂದೇ ಸಮನಾಗಿ. ಎಡಗಡೆಯವುಗಳ ಪಕ್ಕೆಯ ಮೇಲೆ ಯಾರೋ ಕುಡುಗೋಲಿನಿಂದ ಗೀರಿದಂತೆ ಗಾಯಗಳಿದ್ದವು. ಮುಂದಿನ ಟೈರಿನಲ್ಲಿ ನೆಲ್ಲಿಕಾಯಿ ಗಾತ್ರದ ಒಂದು ಉಬ್ಬು ಎದ್ದಿತ್ತು. ಕಾರು ತೊಳೆಯುವಾಗ ನನ್ನ ಕೈ ಅದರ ಮೇಲೆ ಹೋಯಿತು. ಬಿಸಿಲಿಗೆ ಬೆಚ್ಚಗಾಗಿದ್ದ ಅದನ್ನು ಮುಟ್ಟಿದರೆ, ಒಳಗೆ ಏನೋ ಜೀವ ಇಟ್ಟುಕೊಂಡು ಕುಳಿತಂತೆ ಅನಿಸಿ ಕೈ ಹಿಂದಕ್ಕೆ ತೆಗೆದುಕೊಂಡೆ.

ನನ್ನ ಗಂಡ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರು. ನಾನು ದೇವದುರ್ಗದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುತ್ತೇನೆ. ಮನೆ ರಾಯಚೂರಿನಲ್ಲಿ. ನಾನು ಬಸ್ಸಿನಲ್ಲಿ ಓಡಾಡುತ್ತಿದ್ದೆ, ಅವರು ಕಾರಿನಲ್ಲಿ. ಸಾದಾ ಕಾರಿಗಿಂತ ತುಸು ಎತ್ತರದ, ಜೀಪಿನಷ್ಟು ದೊಡ್ಡದಲ್ಲದ ಬಿಳಿ ಗಾಡಿ ಅದು. ನಮ್ಮ ಎರಡೂ ಮನೆತನಗಳಲ್ಲಿ ಮೊದಲ ಕಾರು. ಅವರ ತಂದೆ ಗಂಜಿನ ಮಾರುಕಟ್ಟೆಯಲ್ಲಿ ಹಮಾಲರಾಗಿ ಹತ್ತಿಯ ಅಂಡಿಗೆ ಹೊತ್ತವರು. ಹಾಗಾಗಿ ಆ ಗಾಡಿಯ ಸ್ಟೇರಿಂಗ್ ಹಿಂದೆ ಕುಳಿತಾಗ ನನ್ನ ಗಂಡನ ಬೆನ್ನು ತಾನೇ ನೆಟ್ಟಗಾಗುತ್ತಿತ್ತು. ನಾನೂ ಲೈಸೆನ್ಸ್ ಮಾಡಿಸಿದ್ದೆ, ಆದರೆ ನಮ್ಮ ಓಣಿ ದಾಟಿ ನಡೆಸಿದ್ದಿಲ್ಲ.

ಮಾರ್ಚ್‌ನ ಒಂದು ಭಾನುವಾರ ಬೆಳಿಗ್ಗೆ ಗಂಜ್ ಕಡೆಯ ಟೈರಿನ ಅಂಗಡಿಗೆ ಹೋದೆವು. ಮಾಲೀಕರು ಗಡ್ಡ ನೆರೆತ, ನಗುಮುಖದ ಸಾಹೇಬರು. ಗಾಡಿಯ ಸುತ್ತ ಒಮ್ಮೆ ಬಂದು, ಉಬ್ಬಿನ ಮೇಲೆ ಹೆಬ್ಬೆರಳು ಒತ್ತಿ ನೋಡಿದರು.

"ಇದು ಯಾವಾಗ ಒಡೀತದ ಹೇಳಾಕ ಬರಂಗಿಲ್ರಿ ಸರ್. ಈ ಬಿಸಲಾಗ ಇವತ್ತ ಹೋದ್ರೂ ಹೋತು."

"ಬರೇ ಎಡಗಡಿ ಯಾಕ ಹಿಂಗಾಗ್ಯದರಿ?" ಎಂದು ಕೇಳಿದೆ.

"ಎಡಗಡೀದು ಯಾವಾಗ್ಲೂ ಹಂಗರೀ ಮೇಡಂ. ಎದುರಿಗೆ ಲಾರಿ ಬಂದ್ರ ಎಲ್ಲಾರೂ ಎಡಕ್ಕ ಇಳಸ್ತಾರ. ಡಾಂಬರದ ಅಂಚು ಕೊಯ್ದು ಹಾಕ್ತದ. ಎಲ್ಲಾ ಗಾಡೀದೂ ಇದ ಕಥಿ."

ಮಾತು ಸರಿಯಾಗಿಯೇ ಇತ್ತು. ನನ್ನ ಗಂಡ ತಲೆಯಾಡಿಸಿದರು. ಆದರೆ ನಮ್ಮ ಪಕ್ಕದಲ್ಲಿ ಅಲೈನ್‌ಮೆಂಟಿಗೆ ನಿಂತಿದ್ದ ಇನ್ನೊಂದು ಗಾಡಿಯ ಎಡಗಡೆ ನಾನು ನೋಡಿದೆ. ಅದರ ಟೈರಿಗೆ ಒಂದೆರಡು ಗೀರು ಇದ್ದವು, ಅಷ್ಟೇ.

"ನನಗ ಎಲ್ಲಾ ಕಾಲಕ್ಕೂ ನಡಿಯೂವಂಥ ಟೈರ್ ಬೇಕ್ರಿ," ಎಂದರು ನನ್ನ ಗಂಡ. ಸಾಹೇಬರು ನಕ್ಕರು.

"ನಮ್ಮ ಕಡಿ ಯಾವ ಕಾಲ ಅದಾವ್ರಿ ಸರ್? ಒಂದು ಬಿಸಲು, ಇನ್ನೊಂದು ಜಾಸ್ತಿ ಬಿಸಲು."

ಅವರು ಎರಡು ನಮೂನೆ ತೋರಿಸಿದರು. ಒಂದು ಡಾಂಬರು ರಸ್ತೆಯದು. ಮೆತ್ತಗೆ, ಸದ್ದಿಲ್ಲದೆ ಓಡುತ್ತದೆ, ಮಳೆಯಲ್ಲೂ ಬ್ರೇಕು ಚೆನ್ನಾಗಿ ಹಿಡಿಯುತ್ತದೆ, ಆದರೆ ಪಕ್ಕೆ ತೆಳು. ಇನ್ನೊಂದರ ಪಕ್ಕೆ ದಪ್ಪ, ಮೇಲಿನ ಕಚ್ಚುಗಳು ಆಳ. ಕಾಲುವೆ ದಂಡೆಯ ಎರೆ ಮಣ್ಣಿಗೆ, ಕಲ್ಲಿಗೆ ಬಗ್ಗುವುದಿಲ್ಲ. ಓಡುವಾಗ ಗುಂಯ್ ಎನ್ನುತ್ತದೆ, ಪೆಟ್ರೋಲು ಸ್ವಲ್ಪ ಹೆಚ್ಚು ಕುಡಿಯುತ್ತದೆ. ನನ್ನ ಗಂಡ ಎರಡನ್ನೂ ತಟ್ಟಿ, ತಿರುಗಿಸಿ, ಯಾವ ವಾರ ತಯಾರಾದದ್ದು ಎಂಬುದರ ಅಂಕಿ ಹುಡುಕಿ ಓದಿ, ಕೊನೆಗೆ, "ವಿಚಾರ ಮಾಡಿ ಬರ್ತೀನ್ರಿ," ಎಂದುಬಿಟ್ಟರು. ಮಿಕ್ಸರ್ ಕೊಳ್ಳಲೂ ವಾರಗಟ್ಟಲೆ ವಿಚಾರ ಮಾಡುವ ಮನುಷ್ಯ. ಸಾಹೇಬರು ಸ್ಟೆಪ್ನಿಯನ್ನು ಉಬ್ಬಿದ ಟೈರಿನ ಜಾಗಕ್ಕೆ ಹಾಕಿಸಿ, "ಬಾಳ ದಿನ ವಿಚಾರ ಮಾಡಬ್ಯಾಡ್ರಿ," ಎಂದು ಕಳಿಸಿದರು.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಟೈರಿನದೇ ಮಾತು. ಊಟ ಮಾಡುವಾಗ ಮೊಬೈಲಿನಲ್ಲಿ ಟೈರುಗಳ ವಿಡಿಯೋ. ಅದರ ನಡುವೆಯೇ ಬೇರೆ ಕೆಲವು ಸಣ್ಣ ಸಂಗತಿಗಳು ನಡೆದವು. ಅವರ ಎಡಗಡೆಗಿಟ್ಟ ಚಹಾದ ಲೋಟ ಮೊಣಕೈ ತಾಗಿ ಬಿತ್ತು. ಮರುದಿನ ಮತ್ತೆ ಬಿತ್ತು. "ಕೈ ಆಡೂ ಜಾಗದಾಗ ಯಾಕ ಇಡ್ತಿ?" ಎಂದು ನನ್ನ ಮೇಲೆ ರೇಗಿದರು. ರೇಗುವ ಸ್ವಭಾವ ಅವರದಲ್ಲ. ಪತ್ರಿಕೆಯ ಸುದ್ದಿಯನ್ನು ನನಗೆ ಓದಿ ಹೇಳುವಾಗ ಸಾಲುಗಳ ಮೊದಲ ಪದ ಬಿಟ್ಟುಹೋಗಿ, ಅರ್ಥವಾಗದೆ ನಿಲ್ಲುತ್ತಿದ್ದರು. ನಮ್ಮ ಗೇಟಿನ ಎಡಗಂಬಕ್ಕೆ ಕಾರಿನ ಬಿಳಿ ಬಣ್ಣ ಹತ್ತಿತ್ತು. ಇವೆಲ್ಲ ಒಂದೇ ಸಂಗತಿ ಎಂದು ನನಗೆ ಹೊಳೆಯಲಿಲ್ಲ. ಬಿಸಿಲು ಹೆಚ್ಚಾಗಿದೆ, ಶಿಫ್ಟಿನ ಆಯಾಸ, ವಯಸ್ಸು ಐವತ್ತು ದಾಟಿತು ಎಂದುಕೊಂಡೆ. ಆದರೆ ಬೆಳಿಗ್ಗೆ ಅವರು ಗಾಡಿ ತೆಗೆದು ಹೊರಟಾಗ, ಶಕ್ತಿನಗರದ ರಸ್ತೆಯಲ್ಲಿ ಬೂದಿ ತುಂಬಿಕೊಂಡು ಸಾಲುಸಾಲಾಗಿ ಬರುವ ಟ್ಯಾಂಕರುಗಳು ಕಣ್ಣ ಮುಂದೆ ಬರುತ್ತಿದ್ದವು. ಸ್ಥಾವರ ಮುಟ್ಟಿದೆ ಎಂದು ಅವರ ಫೋನು ಬರುವ ತನಕ ಬಸ್ಸಿನಲ್ಲಿ ಕುಳಿತರೂ ಮನಸ್ಸು ಕೂರುತ್ತಿರಲಿಲ್ಲ. ಅದಕ್ಕೆ ಕಾರಣ ಟೈರು ಎಂದೇ ನಂಬಿದ್ದೆ.

ಒಂದು ಶನಿವಾರ ಅವರಿಗೆ ರಜೆ ಇತ್ತು. ನನ್ನನ್ನು ದೇವದುರ್ಗಕ್ಕೆ ತಾವೇ ಬಿಟ್ಟುಬರುತ್ತೇನೆ ಎಂದರು. ಗಬ್ಬೂರು ದಾಟಿದ ಮೇಲೆ ರಸ್ತೆ ಖಾಲಿ. ಎಡಗಡೆಯ ಹೊಲದಿಂದ ಒಂದು ಕುರಿಹಿಂಡು ರಸ್ತೆಗೆ ಹತ್ತುತ್ತಿರುವುದು ನನಗೆ ದೂರದಿಂದಲೇ ಕಂಡಿತು. ಅವರು ವೇಗ ಇಳಿಸುತ್ತಾರೆ ಎಂದು ಸುಮ್ಮನಿದ್ದೆ. ಇಳಿಸಲಿಲ್ಲ. ಮುಂದಿನ ಕುರಿಗಳು ಡಾಂಬರಿಗೆ ಕಾಲಿಟ್ಟವು. ಅವರ ಮುಖ ನೋಡಿದೆ. ಶಾಂತವಾಗಿತ್ತು. ಖಾಲಿ ರಸ್ತೆಯಲ್ಲಿ ಹೋಗುವವನ ಮುಖ.

"ಕುರಿ! ಏನ್ರೀ, ಕುರಿ!" ಎಂದು ಕಿರುಚಿದೆ.

ಬ್ರೇಕು ಒತ್ತಿದರು. ಗಾಡಿ ಜಾರುತ್ತ, ವಾಲುತ್ತ ಹೋಗಿ ನಿಂತಿತು. ಧೂಳು ಇಳಿದಾಗ ಗಾಡಿಯ ಮೂತಿಯ ಮುಂದೆಯೇ ಒಂದು ಮರಿ ನಿಂತಿತ್ತು. ಕುರಿಗಾರ ಓಡಿಬಂದು ಕೋಲಿನಿಂದ ಬಾನೆಟ್ಟಿಗೆ ಬಡಿದ.

"ಯಪ್ಪಾ, ಕಣ್ಣ ಕಾಣಂಗಿಲ್ಲೇನು ನಿನಗ? ಇಷ್ಟು ಕುರಿ ಬರಾಕತ್ತಾವ, ಕಾಣಲಿಲ್ಲಾ?"

ನನ್ನ ಗಂಡ ಬೆವರಿದ್ದರು. ಕೈಮುಗಿದು ಅವನನ್ನು ಸಮಾಧಾನ ಮಾಡಿ ಮತ್ತೆ ಗಾಡಿಯಲ್ಲಿ ಕುಳಿತಾಗ, "ಎಲ್ಲಿಂದ ಬಂದ್ವು ಅವು, ಒಮ್ಮಿಗೇ?" ಎಂದರು. ಸ್ವಲ್ಪ ದೂರ ಹೋದ ಮೇಲೆ ತಾವೇ, "ಟೈರ್ ಸವದಾವ. ಬ್ರೇಕ್ ಹಿಡಿಯಂಗಿಲ್ಲ. ಇವತ್ತ ಹಾಕಸ್ತೀನಿ," ಎಂದರು.

ಅಂದು ಸಂಜೆಯೇ ಹಾಕಿಸಿದರು, ದಪ್ಪ ಪಕ್ಕೆಯವನ್ನೇ. "ಈಗ ಎಷ್ಟು ಕಲ್ಲು ತಾಗಿದ್ರೂ ಏನಾಗಂಗಿಲ್ಲ ನೋಡು," ಎಂದು ಮನೆ ಮುಂದೆ ಗಾಡಿ ನಿಲ್ಲಿಸಿ ಹೆಮ್ಮೆಯಿಂದ ತಟ್ಟಿದರು. ಹೊಸ ರಬ್ಬರಿನ ವಾಸನೆ ಬರುತ್ತಿತ್ತು, ಮೇಲೆ ಸಣ್ಣ ಸಣ್ಣ ರಬ್ಬರಿನ ಕೂದಲುಗಳು. ಕಲ್ಲು ತಾಗದಂತೆ ನಡೆಸುವುದನ್ನು ಬಿಟ್ಟು ತಾಗಿದರೂ ತಡೆಯುವ ಟೈರನ್ನು ಯಾಕೆ ಆರಿಸಿದರು ಎಂದು ನನಗೆ ಅನಿಸಿತು.

ಮರುದಿನ ಮಾನ್ವಿ ತಾಲೂಕಿನ ಕುರ್ಡಿಗೆ, ನಮ್ಮ ಅಕ್ಕನ ಮನೆಗೆ ಹೊರಟೆವು. ಅಕ್ಕನ ಬಿಪಿ ಗುಳಿಗೆ ಮುಗಿದಿದ್ದವು. ಮೊದಲು ಮಾನ್ವಿಗೆ ಹೋಗಿ ಗುಳಿಗೆ, ಹಣ್ಣು ಕೊಂಡು ಕುರ್ಡಿಗೆ ತಿರುಗಿದೆವು. ಟೈರುಗಳು ಸಾಹೇಬರು ಹೇಳಿದಂತೆ ಗುಂಯ್ ಎನ್ನುತ್ತಿದ್ದವು. ಕಾಲುವೆಯ ಕಿರುಸೇತುವೆ ದಾಟುವಾಗ ಎಡಗಡೆಯ ಗಿಡ್ಡ ಗೋಡೆ ನನ್ನ ಕಿಟಕಿಯತ್ತ ಹತ್ತಿರ ಹತ್ತಿರ ಬಂತು. ಕೆಳಗೆ ಕೆಸರು ಬಣ್ಣದ ನೀರು. "ಬಲಕ್ಕ ತಗೋರಿ," ಎನ್ನುವಷ್ಟರಲ್ಲಿ ಕರ್‌ರ್ ಎಂದು ಸದ್ದಾಯಿತು. ಗಾಡಿ ನಿಲ್ಲಲಿಲ್ಲ.

"ಕಲ್ಲು," ಎಂದರು ಅವರು.

ಅದು ಗೋಡೆ. ನಾನು ಕಣ್ಣಾರೆ ಕಂಡಿದ್ದೆ. ಅಕ್ಕನ ಮನೆ ಮುಟ್ಟುವ ತನಕ ನಾನು ಬಾಗಿಲಿನ ಮೇಲಿನ ಹಿಡಿಕೆಯನ್ನು ಬಿಡಲಿಲ್ಲ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಹೊಸಾ ಗಾಲಿ ಹಾಕಿಸೀರಿ, ದಾರ್ಯಾಗ ನೀರಮಾನ್ವಿ ಎಲ್ಲಮ್ಮನ ಗುಡಿ ಮುಂದ ಒಂದು ಕಾಯಿ ಒಡಸ್ಕೊಂಡು ಬರಬಾರದೇನ್ರಿ?" ಎಂದಳು. ನನ್ನ ಗಂಡ ಪ್ರಾಯದಲ್ಲೇ ಬೌದ್ಧ ದೀಕ್ಷೆ ತೆಗೆದುಕೊಂಡವರು. ಅಕ್ಕನಿಗೆ ಅದು ಗೊತ್ತಿದ್ದೂ ಪ್ರತಿ ಸಲ ಕೇಳುತ್ತಾಳೆ, ಅವರು ಪ್ರತಿ ಸಲ ನಗುತ್ತಾರೆ. ಅಂದೂ ನಕ್ಕರು.

ಊಟಕ್ಕೆ ಕುಳಿತೆವು. ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕಾಳು, ಅವರಿಗೆ ಪ್ರಾಣವಾದ ಪುಂಡಿಪಲ್ಯ. ಅವರು ರೊಟ್ಟಿ, ಕಾಳು ಮುಗಿಸಿ ಕೈ ತೊಳೆಯಲು ಎದ್ದರು.

"ಯಾಕ್ರೀ, ಪುಂಡಿಪಲ್ಯ ಮುಟ್ಟೇ ಇಲ್ಲ? ನಿಮಗಂತನ ಮಾಡೀನಿ," ಎಂದಳು ಅಕ್ಕ.

"ಎಲ್ಲಿ ಹಾಕಿದ್ರಿ ಅಕ್ಕಾ? ನೀವು ಮರತಿರಿ ಅಂತ ನಾ ಕೇಳಲಿಲ್ಲ."

ಅಕ್ಕ ನನ್ನ ಮುಖ ನೋಡಿದಳು. ತಾಟಿನ ಎಡ ಅರ್ಧ ಹಾಗೆಯೇ ಇತ್ತು. ಪಲ್ಯ, ಚಟ್ನಿ, ಒಂದು ಉಳ್ಳಾಗಡ್ಡಿ ಹೋಳು. ಬಲ ಅರ್ಧ ತೊಳೆದಿಟ್ಟಂತೆ ಬರಿದಾಗಿತ್ತು. ನಾನು ಬಗ್ಗಿ ತಾಟನ್ನು ಮೆಲ್ಲಗೆ ತಿರುಗಿಸಿದೆ. ಪಲ್ಯ ಅವರ ಬಲಕ್ಕೆ ಬಂತು.

"ಅರೆ," ಎಂದರು. ಮತ್ತೆ ಕುಳಿತುಕೊಂಡರು. ಆದರೆ ತಿನ್ನಲಿಲ್ಲ. ತಾಟನ್ನೇ ನೋಡುತ್ತ ಕುಳಿತರು.

ನಾನು ಹೊರಗೆ ಹೋಗಿ ಗಾಡಿ ನೋಡಿದೆ. ಹಿಂದಿನ ದಿನವಷ್ಟೇ ಹಾಕಿದ ಎಡಗಡೆಯ ಮುಂದಿನ ಟೈರಿನ ದಪ್ಪ ಪಕ್ಕೆಯಲ್ಲಿ ಬಿಳಿ ಸುಣ್ಣ ಮೆತ್ತಿದ ಉದ್ದನೆಯ ಗಾಯ. ಒಳಗೆ ಬಂದು ಕೀಲಿಗೆ ಕೈ ಚಾಚಿದೆ.

"ಕೀಲಿ ಕೊಡ್ರಿ. ಗಾಡಿ ಇಲ್ಲೇ ಇರಲಿ. ಬಸ್ಸಿಗೆ ಹೋಗೂಣು."

"ತಲಿ ಕೆಟ್ಟದೇನು? ನಾನೇನು ಕುರುಡನಾಗೀನೇನು?" ದನಿ ಏರಿತು. "ಎಲ್ಲಾ ಕಾಣತದ ನನಗ. ನೀ ಕಾಣ್ತಿ, ಅಕ್ಕ ಕಾಣ್ತಾರ, ಬಾಗಲಾ ಕಾಣತದ."

ನಾನು ಆಗ ಅವರ ಬಲಗಡೆ ನಿಂತಿದ್ದೆ. ಸುತ್ತಿ ಎಡಗಡೆಗೆ ಹೋದೆ. ಅವರ ಕಣ್ಣು ನನ್ನ ಹಿಂದೆ ಬರಲಿಲ್ಲ. "ಎಲ್ಲಿ ಹೋದಿ?" ಎಂದರು. ಕೈಗೆಟಕುವಷ್ಟು ಹತ್ತಿರ ನಿಂತಿದ್ದೆ. ನಾನು ಮಾತಾಡಿದಾಗ ಕತ್ತು ಪೂರ್ತಿ ತಿರುಗಿಸಿ ನೋಡಿದರು. ಆ ನೋಟದಲ್ಲಿದ್ದ ಹೆದರಿಕೆಯನ್ನು ನಾನು ಅದಕ್ಕೆ ಮೊದಲು ಅವರಲ್ಲಿ ಕಂಡಿರಲಿಲ್ಲ. ಕೀಲಿಯನ್ನು ತಾವೇ ನನ್ನ ಅಂಗೈಯಲ್ಲಿಟ್ಟರು.

ಬಸ್ಸಿನಲ್ಲಿ ರಾಯಚೂರಿಗೆ ಬಂದೆವು. ದಾರಿಯುದ್ದಕ್ಕೂ ಒಂದೊಂದು ಕಣ್ಣನ್ನು ಮುಚ್ಚಿ ಹೊರಗೆ ನೋಡುತ್ತಿದ್ದರು. ಯಾವ ಕಣ್ಣು ಮುಚ್ಚಿದರೂ ಒಂದೇ ಕಡೆ ಇಲ್ಲವಾಗುತ್ತಿತ್ತಂತೆ. ಕತ್ತಲೆಯಲ್ಲ, ಮಬ್ಬೂ ಅಲ್ಲ. "ಅಲ್ಲಿ ಏನೂ ಇಲ್ಲ ಅಂತನೂ ಗೊತ್ತಾಗಂಗಿಲ್ಲ," ಎಂದರು.

ಮರುದಿನ ಬೆಳಿಗ್ಗೆ ತೋರಿಸಿದ ಕಣ್ಣಿನ ಡಾಕ್ಟರು, "ಕಣ್ಣು ಎರಡೂ ಚಲೋ ಅದಾವ," ಎಂದಾಗ ನನಗೆ ಹೋದ ಜೀವ ಬಂದಂತಾಯಿತು. ಆದರೆ ಆಕೆ ನಗಲಿಲ್ಲ. ಎದುರು ನಿಂತು, ಎರಡೂ ಕೈ ಚಾಚಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೆರಳು ಆಡಿಸುತ್ತ, "ಯಾವ ಬೆರಳು ಆಡಾಕತ್ತಾವ ಹೇಳ್ರಿ," ಎಂದು ಮತ್ತೆ ಮತ್ತೆ ಕೇಳಿದರು. ಆಮೇಲೆ ತಲೆಯ ಸ್ಕ್ಯಾನ್ ಮಾಡಿಸಿರೆಂದು ಬರೆದುಕೊಟ್ಟರು.

ಮಿದುಳಿನ ಹಿಂಭಾಗದ ಬಲಗಡೆ, ಎರಡೂ ಕಣ್ಣಿನ ಎಡಗಡೆಯ ನೋಟವನ್ನು ಹಿಡಿಯುವ ಜಾಗದಲ್ಲಿ, ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿತ್ತು. ಯಾವಾಗ ಎಂದು ಯಾರೂ ಹೇಳಲಾರರು. ಕೆಲವು ತಿಂಗಳ ಹಿಂದೆ ಆಗಿರಬಹುದು, ಕೆಲಸದಲ್ಲಿದ್ದಾಗಲೋ, ಮಲಗಿದ್ದಾಗಲೋ. ನೋವಿಲ್ಲ, ಬಾಯಿ ಸೊಟ್ಟಗಾಗಲಿಲ್ಲ, ಕೈಕಾಲು ಬೀಳಲಿಲ್ಲ. ಎಡಗಡೆಯ ಜಗತ್ತು ಮಾತ್ರ ಸದ್ದಿಲ್ಲದೆ ಹೊರಟುಹೋಗಿತ್ತು. ಹೋದದ್ದು ಬಹುತೇಕ ಮರಳುವುದಿಲ್ಲ, ಗಾಡಿ ಇನ್ನು ಮುಟ್ಟಬೇಡಿ ಎಂದರು ನರರೋಗದ ಡಾಕ್ಟರು. ಪರೀಕ್ಷೆಯಲ್ಲಿ ಕಂಡ ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ, ರಕ್ತ ತೆಳುವಾಗಲು ಗುಳಿಗೆಗಳನ್ನು ಬರೆದರು. ನಾವು ಏಳುವಾಗ ನನ್ನನ್ನು ನೋಡಿ, "ಇನ್ನೊಂದು ಸಲ ಆಗಬಹುದು. ಗಮನ ಇಡಿ," ಎಂದರು.

ಬೇಸಿಗೆ ರಜೆಯಲ್ಲಿ ಡ್ರೈವಿಂಗ್ ಶಾಲೆಗೆ ಸೇರಿ ಹೊಸದಾಗಿ ಕಲಿತೆ. ಕುರ್ಡಿಯಿಂದ ಗಾಡಿಯನ್ನು ನಾನೇ ತಂದೆ. ಸಾಹೇಬರ ಅಂಗಡಿಗೆ ಹೋಗಿ ಗಾಯವಾದ ಟೈರನ್ನು ಬದಲಿಸಲು ಹೇಳಿದಾಗ, ಅವರು ಗಾಯವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕೆಲಸ ಮಾಡಿಸಿಕೊಟ್ಟರು. ನನ್ನ ಗಂಡ ಈಗ ಕಂಪನಿಯ ಬಸ್ಸಿನಲ್ಲಿ ಹೋಗಿಬಂದು, ಕಚೇರಿಯ ಕೆಲಸ ಮಾಡುತ್ತಾರೆ. ಪತ್ರಿಕೆ ಓದುವಾಗ ಸಾಲಿನ ಆರಂಭದಲ್ಲಿ ಎಡಗೈ ಬೆರಳಿಟ್ಟು ಹುಡುಕುತ್ತಾರೆ. ನನ್ನ ಪಕ್ಕದ ಸೀಟಿನಲ್ಲಿ ಕುಳಿತರೆ ನಾನು ಅವರ ಬಲಕ್ಕಿರುತ್ತೇನೆ, ಹಾಗಾಗಿ ಕಾಣುತ್ತೇನೆ. ಕಿಟಕಿಯ ಕಡೆಗೆ ಅವರು ತಿರುಗುವುದು ಕಡಿಮೆ.

ಬೆಳಿಗ್ಗೆ ನಾನು ಅಡುಗೆಮನೆಯಲ್ಲಿರುವಾಗ ಬಚ್ಚಲಮನೆಯಲ್ಲಿ ತಂಬಿಗೆಯ ಸದ್ದು ಕೇಳುತ್ತಿರುತ್ತದೆ. ಅದು ನಿಂತರೆ ನನ್ನ ಕೈಯೂ ನಿಲ್ಲುತ್ತದೆ. "ಏನ್ರೀ?" ಎಂದು ಕೂಗುತ್ತೇನೆ. "ಇದ್ದೀನಿ," ಎನ್ನುತ್ತಾರೆ. ಒಮ್ಮೊಮ್ಮೆ ಉತ್ತರ ಬರುವುದು ತಡವಾಗುತ್ತದೆ. ನಾನು ಒಲೆ ಆರಿಸಿ ಆ ಕಡೆ ನಡೆಯುತ್ತೇನೆ.