ಗಂಡಿನ ಕಡೆಯವರು ಕಪಾಟು ತೆರೆದರು

ಗೆಳೆಯರೇ, ಇವತ್ತು ಬೆಳಿಗ್ಗೆ ಮಾರತ್ತಹಳ್ಳಿಯ ನಮ್ಮ ಫ್ಲ್ಯಾಟಿಗೆ ಮಗಳನ್ನು ನೋಡಲು ಧಾರವಾಡ ಕಡೆಯ ತಾಯಿ, ಮಗ ಬಂದಿದ್ದರು. ನನ್ನವಳು ಇದ್ದಿದ್ದರೆ ಮನೆ ಒಪ್ಪವಾಗಿರುತ್ತಿತ್ತು. ಅವಳಿಲ್ಲದ ಮನೆಯಲ್ಲಿ ನಾನು ಮಾಡಿದ್ದು ಇಷ್ಟೇ: ಹಾಲ್‌ನಲ್ಲಿ ಬಿದ್ದಿದ್ದ ಬಟ್ಟೆ, ಹಳೇ ಪೇಪರು, ಹೆಲ್ಮೆಟ್ಟು ಎಲ್ಲವನ್ನೂ ಕಪಾಟಿಗೆ ತುರುಕಿ ಬಾಗಿಲು ಒತ್ತಿದೆ.

ಉಪ್ಪಿಟ್ಟು ತಿನ್ನುತ್ತಾ ಮಾತು ಬೆಳೆಯಿತು. ಕಾಲೇಜಿನಲ್ಲಿ ಕಲಿತ ಇಂಗ್ಲಿಷ್ ಸುಮ್ಮನಿರುತ್ತದೆಯೇ? "ನಮ್ಮಲ್ಲಿ ನೋ ಸ್ಕೆಲಿಟನ್ ಇನ್ ದಿ ಕಬೋರ್ಡ್. ಕಪಾಟಿನಲ್ಲಿ ಅಸ್ಥಿಪಂಜರ ಇಲ್ಲ, ಅಂದ್ರೆ ಮುಚ್ಚುಮರೆ ಇಲ್ಲ ಅಂತ" ಎಂದೆ. ಇನ್ ದಿ ಕಬೋರ್ಡೋ, ಆನ್ ದಿ ಕಬೋರ್ಡೋ, ಈಗಲೂ ಅನುಮಾನ.

ಆ ತಾಯಿ ಮನೆ ನೋಡುತ್ತೇನೆಂದು ಎದ್ದರು. ನಾವೆಲ್ಲ ಹಿಂದೆಯೇ ಹೋದೆವು. ಕೋಣೆಯಲ್ಲಿ ಕಪಾಟಿನ ಬಾಗಿಲು ಎಳೆದೇಬಿಟ್ಟರು. ಅಷ್ಟೂ ಬಟ್ಟೆ ಅವರ ಮೇಲೆ ಕುಸಿಯಿತು. ನನ್ನ ಬನಿಯನ್ ಅವರ ಹೆಗಲ ಮೇಲೆ!

"ಅಪ್ಪಾ!" ಎಂದು ಮಗಳು ಹಲ್ಲು ಕಚ್ಚಿದಳು. ಸಂಬಂಧ ಮುಗಿಯಿತು ಅಂದುಕೊಂಡೆ.

ಅವರು ಬನಿಯನ್ ಮಡಚಿ ನನ್ನ ಕೈಗಿಟ್ಟು ನಕ್ಕರು. "ಮಂದಿ ಬಂದಾಗ ನಾವೂ ಹಿಂಗ ತುರುಕತೀವ್ರೀ. ನಿಮ್ದು ಹೊರಗ ಬಂತು, ನಮ್ದೂ ಹೇಳಿಬಿಡ್ತೀನಿ. ಇವನ ಕೆಲಸ ಹೋಗಿ ಮೂರು ತಿಂಗಳಾತ್ರೀ."

ಹುಡುಗ ತಲೆ ತಗ್ಗಿಸಿದ. ಆಗ ಮಗಳು ಮೊದಲ ಸಲ ಅವನ ಕಡೆ ತಿರುಗಿ, "ಬೇಜಾರ್ ಮಾಡ್ಕೋಬೇಡಿ, ನನ್ ಕೆಲ್ಸಾನೂ ಹೋಗಿದೆ. ಅಪ್ಪಂಗೆ ಇನ್ನೂ ಹೇಳಿಲ್ಲ ಅಷ್ಟೆ" ಎಂದಳು.

ಅಪ್ಪನಿಗೆ ವಿಷಯ ತಲುಪಿದ್ದು ಹೀಗೆ, ಗೆಳೆಯರೇ.