ಮರಳವಾಡಿಗೆ ಎರಡು ಟಿಕೆಟ್

ಈ ಬರಹವು ಒಂದು ಊರಿನ ಹೆಸರನ್ನು ಬಾಯಿಬಿಟ್ಟು ಹೇಳಿದ ವಿಷಯಕ್ಕೆ ಸಂಬಂಧಿಸಿದ್ದಾಗಿರುತ್ತದೆ. ಕನಕಪುರದ ಒಂದು ಕಚೇರಿಯಲ್ಲಿ ಪತ್ರಗಳ ಕರಡು ಸಿದ್ಧಪಡಿಸಿ ಟೈಪು ಮಾಡುವುದು ನನ್ನ ಕೆಲಸ. ಅದನ್ನು ಬಿಟ್ಟರೆ ಬೇರೆ ಬಗೆಯ ಬರವಣಿಗೆ ನನಗೆ ರೂಢಿಯಿಲ್ಲ. ಆದುದರಿಂದ ಇಲ್ಲಿ ಕಂಡುಬರುವ ಲೋಪಗಳನ್ನು ಓದುವವರು ಮನ್ನಿಸಬೇಕಾಗಿ ಮೊದಲಿಗೇ ಕೋರುತ್ತೇನೆ. ಇಷ್ಟು ಸಣ್ಣ ವಿಷಯವನ್ನು ಬರೆದು ಇತರರ ಸಮಯ ತೆಗೆದುಕೊಳ್ಳಬಹುದೇ ಎಂಬ ಅನುಮಾನ ಈ ಸಾಲನ್ನು ಬರೆಯುವಾಗಲೂ ಇದೆ.

ನನಗೆ ಉಗ್ಗು ಇದೆ. ಮಾತು ಕಲಿತ ದಿನದಿಂದಲೂ ಇದೆ ಎಂದು ಮನೆಯವರು ಹೇಳುತ್ತಾರೆ. ಎಲ್ಲ ಅಕ್ಷರಗಳೂ ಸಮನಾಗಿ ಕಾಡುವುದಿಲ್ಲ. ‘ಹ’ ಉಸಿರಿನೊಂದಿಗೇ ಹೊರಬಂದುಬಿಡುತ್ತದೆ. ‘ಕ’ ಒಮ್ಮೊಮ್ಮೆ ತಡೆದು, ಆಮೇಲೆ ದಾರಿ ಕೊಡುತ್ತದೆ. ‘ಮ’ ಮಾತ್ರ ಹಾಗಲ್ಲ. ಅದಕ್ಕಾಗಿ ಮುಚ್ಚಿದ ತುಟಿಗಳು ಮತ್ತೆ ತೆರೆಯಲು ಒಪ್ಪುವುದಿಲ್ಲ. ನಾನು ಹುಟ್ಟಿ ಬೆಳೆದ, ಇಂದಿಗೂ ವಾಸವಾಗಿರುವ ಊರು ಮರಳವಾಡಿ.

ಕಚೇರಿ ಮುಗಿಯುವ ವೇಳೆಗೆ ಕನಕಪುರದಿಂದ ಹಾರೋಹಳ್ಳಿಯ ಮೇಲೆ ನಮ್ಮೂರಿಗೆ ಹೋಗುವ ಬಸ್ಸೊಂದಿದೆ. ಈಗ ಹೆಂಗಸರಿಗೆ ಟಿಕೆಟ್ ಉಚಿತ. ಆದರೂ ಕಂಡಕ್ಟರು ಆಧಾರ್ ಕಾರ್ಡು ನೋಡಿ, “ಎಲ್ಲಿಗೆ?” ಎಂದು ಕೇಳಿಯೇ ಕೇಳುತ್ತಾರೆ. ನಾನು “ಹಾರೋಹಳ್ಳಿ” ಎನ್ನುತ್ತಿದ್ದೆ. ಹಾರೋಹಳ್ಳಿಯಲ್ಲಿ ಇಳಿಯುತ್ತಿದ್ದೆ. ನನ್ನನ್ನು ಇಳಿಸಿದ ಬಸ್ಸು ನನ್ನ ಊರಿಗೇ ಹೋಗುತ್ತಿತ್ತು. ಅದು ತಿರುವಿನಲ್ಲಿ ಮರೆಯಾದ ಮೇಲೆ ಶೇರ್ ಆಟೋಗಳ ಬಳಿ ಹೋಗಿ ನಿಲ್ಲುತ್ತಿದ್ದೆ. ಅಲ್ಲಿ ನಾನು ಏನೂ ಹೇಳಬೇಕಾಗಿರಲಿಲ್ಲ. “ಮರಳವಾಡಿ, ಮರಳವಾಡಿ, ಇನ್ನೊಂದೇ ಸೀಟು ಬನ್ನಿ” ಎಂದು ಆಟೋದವರೇ ಕೂಗುತ್ತಿದ್ದರು. ಸುಮ್ಮನೆ ಹತ್ತಿ ಕೂತರಾಯಿತು. ಬಾಡಿಗೆ ಹೋಗುತ್ತಿತ್ತು, ತಲೆಯ ತುಂಬ ಧೂಳು ಬರುತ್ತಿತ್ತು, ಮನೆ ಸೇರುವಾಗ ದೀಪ ಹಚ್ಚಿರುತ್ತಿದ್ದರು. ಬಸ್ಸು ತಡವಾಯಿತು ಎಂದು ಹೇಳುತ್ತಿದ್ದೆ.

ಬೇರೆ ಉಪಾಯಗಳನ್ನು ಪ್ರಯತ್ನಿಸಲಿಲ್ಲವೆಂದಲ್ಲ. ಒಮ್ಮೆ ಊರಿನ ಹೆಸರನ್ನು ಚೀಟಿಯಲ್ಲಿ ಬರೆದು ಕಂಡಕ್ಟರಿಗೆ ಕೊಟ್ಟೆ. ಅವರು ನನ್ನ ಮುಖವನ್ನೂ ಚೀಟಿಯನ್ನೂ ನೋಡಿ, “ಪಾಪ, ಮಾತ್ ಬರಾಕಿಲ್ಲ, ಒಸಿ ಜಾಗ ಬುಡ್ರಮ್ಮಾ” ಎಂದರು. ವಯಸ್ಸಾದ ಹೆಂಗಸೊಬ್ಬರು ಸೀಟು ಬಿಟ್ಟು ಎದ್ದೇ ಬಿಟ್ಟರು. ಗಾಬರಿಯಲ್ಲಿ ನಾನು, “ಅಯ್ಯೋ, ಬೇಡ ಅಜ್ಜಿ, ನೀವೇ ಕೂತ್ಕೊಳ್ಳಿ” ಎಂದೆ. ಒಂದು ಅಕ್ಷರವೂ ಉಗ್ಗಲಿಲ್ಲ.

“ಏ, ಮಾತಾಡ್ತಾಳೆ ಕಣಮ್ಮೀ ಇವ್ಳು!” ಎಂದು ಆ ಅಜ್ಜಿ ಎಲ್ಲರಿಗೂ ಕೇಳುವಂತೆ ಹೇಳಿ, ಸೀಟಿನಲ್ಲಿ ಇನ್ನೂ ಭದ್ರವಾಗಿ ಕುಳಿತರು.

ಇನ್ನೊಮ್ಮೆ ಕಚೇರಿಯ ಕೆಲಸದ ಮೇಲೆ ರಾಮನಗರಕ್ಕೆ ಹೋಗಿದ್ದೆ. ಹಿಂದಿರುಗುವಾಗ ಬಸ್ ನಿಲ್ದಾಣದಲ್ಲಿ ಒಬ್ಬರು “ಎಲ್ಲಿಗಮ್ಮಾ?” ಎಂದರು. ಅಂದು ಧೈರ್ಯ ಮಾಡಿ ಊರಿನ ಹೆಸರನ್ನೇ ಹೇಳಲು ಹೊರಟೆ. ತುಟಿ ಅಂಟಿಕೊಂಡಿತು. “ಮಾಗಡಿನಾ? ಹತ್ತಮ್ಮಾ ಹತ್ತು, ಹೊರಡ್ತಾ ಐತೆ” ಎಂದು ಅವರು ಬಸ್ಸಿನ ಬಾಗಿಲು ತೋರಿಸಿದರು. ಅಲ್ಲವೆಂದು ಹೇಳಲು ಮತ್ತೆ ಅದೇ ಹೆಸರು ಬೇಕಾಗಿತ್ತು. ತಲೆಯಾಡಿಸಿ ಹತ್ತಿದೆ. ಕಿಟಕಿಯಲ್ಲಿ ಸಾವನದುರ್ಗದ ಬಂಡೆ ಕಾಣಿಸಿಕೊಂಡಾಗ, ಮುಚ್ಚಿಡುವುದೇಕೆ, ಅಳು ಬಂತು. ಮನೆಯಲ್ಲಿ ಮೀಟಿಂಗ್ ತಡವಾಯಿತು ಎಂದು ತಿಳಿಸಿದೆ. ಇವೆಲ್ಲವೂ ಅವ್ವನಿಗೆ ಗೊತ್ತಿರಲಿಲ್ಲ.

ಅವ್ವನ ಕುರಿತು ಬರೆಯುವಾಗ ‘ನಮ್ಮ ತಾಯಿಯವರು’ ಎಂದು ಆರಂಭಿಸಿದ್ದೆ. ಅವಳು ಎಲ್ಲೋ ದೂರ ಹೋಗಿ ಕುಳಿತಂತಾಯಿತು. ಆದುದರಿಂದ ಮನೆಯಲ್ಲಿ ಕರೆಯುವಂತೆಯೇ ಬರೆಯಲು ಅನುಮತಿ ಕೋರುತ್ತೇನೆ. ನನ್ನ ಮಾತನ್ನೆಲ್ಲ ಆಡಿದವಳು ಅವಳು. ಬಂದ ನೆಂಟರು ನನ್ನ ಹೆಸರು ಕೇಳಿದರೆ ಅವ್ವ ಹೇಳುತ್ತಿದ್ದಳು. ಎಷ್ಟನೇ ಕ್ಲಾಸು ಎಂದರೆ ಅವ್ವ ಹೇಳುತ್ತಿದ್ದಳು. ಅಂಗಡಿಯವನು ನನ್ನತ್ತ ನೋಡಿದ ಕೂಡಲೇ ಹಿಂದಿನಿಂದ ಅವಳ ದನಿ ಬರುತ್ತಿತ್ತು. ನನ್ನ ಬಾಯಿ ತೆರೆದು ನಿಂತದ್ದನ್ನು ಜನ ನೋಡಬಾರದೆಂದು ಅವಳು ನನ್ನ ಮುಂದೆ ಮಾತಿನ ಪರದೆಯೊಂದನ್ನು ಎಳೆದುಬಿಡುತ್ತಿದ್ದಳು. ನಾನು ಕೆಲಸಕ್ಕೆ ಸೇರಿದ ಮೇಲೆ, ‘ಇನ್ನೇನು, ಒಬ್ಬಳೇ ಓಡಾಡ್ತಾಳೆ, ಎಲ್ಲಾ ಸರಿಹೋಯ್ತು’ ಎಂದು ನಂಬಿದ್ದಳು. ಆ ನಂಬಿಕೆಯನ್ನು ಕೆಡಿಸಲು ನನಗೆ ಮನಸ್ಸಿರಲಿಲ್ಲ.

ಕಳೆದ ಮಾವಿನ ಹೂವಿನ ಕಾಲದಲ್ಲಿ ಕನಕಪುರದಲ್ಲಿ ಅವ್ವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಮೊದಲು ಒಂದು ಕಣ್ಣು. ಇನ್ನೊಂದಕ್ಕೂ ಪೊರೆಯಿದ್ದು, ಅದನ್ನು ಮುಂದೆ ಮಾಡುವುದಾಗಿ ತಿಳಿಸಿದ್ದರು. ಮನೆಗೆ ಕರೆದೊಯ್ಯುವ ದಿನ ಅಣ್ಣ ಬರುವಂತಿರಲಿಲ್ಲ. ಮನೆಯಲ್ಲಿ ಸಾಕಿದ್ದ ರೇಷ್ಮೆ ಹುಳುಗಳು ಹಣ್ಣಾಗಿದ್ದವು. ಅವನ್ನು ಆಯ್ದು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡುವ ದಿನ ಯಾರೂ ಮನೆ ಬಿಟ್ಟು ಕದಲುವುದಿಲ್ಲ. ಬಾಡಿಗೆ ಕಾರು ಕಳುಹಿಸುತ್ತೇನೆಂದು ಅಣ್ಣ ಫೋನ್ ಮಾಡಿದಾಗ ಅವ್ವ ರೇಗಿದಳು. “ಬಸ್ಸು ಬಿಟ್ಟಿ ಐತೆ, ಕಾರ್ ಯಾಕ್ಲಾ? ನಾನೇನ್ ಮದ್ವೆ ಹೆಣ್ಣಾ?”

ಬಿಡುಗಡೆ ಮಾಡುವಾಗ ನರ್ಸ್ ಹನಿ ಔಷಧದ ಕ್ರಮ ಹೇಳಿ, “ಆಟೋ, ಬೈಕು ಯಾವ್ದೂ ಹತ್ತಿಸ್ಬೇಡಿ. ಧೂಳು ಬಿದ್ರೆ ಕಷ್ಟ ಆಗ್ತದೆ. ಬಸ್ಸಾದ್ರೆ ಕಿಟಕಿ ಹಾಕಿ ಕೂರ್ಸಿ, ಓಡಾಡೋಕೆ ಬುಡ್ಬೇಡಿ” ಎಂದು ಎಚ್ಚರಿಸಿದರು.

“ಈ ಮಗ ದಿನಾ ಬರೋ ಬಸ್ಸೇ ಐತಲ್ಲ ಸಿಸ್ಟ್ರೇ. ಸೀದಾ ನಮ್ಮೂರ್ಗೇ ಬತ್ತದೆ” ಎಂದಳು ಅವ್ವ, ನನ್ನ ಕೈ ಹಿಡಿದುಕೊಂಡು. ಆ ಕೈಯಲ್ಲಿ ಬೆವರು ಬಂದದ್ದು ಅವಳಿಗೆ ತಿಳಿಯಿತೋ ಇಲ್ಲವೋ.

ಅಂದು ಬಸ್ಸು ತುಂಬಿತ್ತು. ಚಾಲಕರ ಹಿಂದಿನ ಸೀಟಿನಲ್ಲಿ ಒಬ್ಬರು ಅವ್ವನಿಗೆ ಜಾಗ ಕೊಟ್ಟರು. ಕಿಟಕಿ ಎಳೆದು ಮುಚ್ಚಿದೆ. ಆಮೇಲೆ ಹತ್ತಿದ ಜನ ನನ್ನನ್ನು ಹಿಂದಕ್ಕೆ ನೂಕಿ ನೂಕಿ ಬಸ್ಸಿನ ನಡುವಿಗೆ ತಂದು ನಿಲ್ಲಿಸಿದರು. ಇಬ್ಬರ ಆಧಾರ್ ಕಾರ್ಡುಗಳೂ ನನ್ನ ಚೀಲದಲ್ಲಿದ್ದವು. ಕಂಡಕ್ಟರು ಹೊಸಬರು. ನನ್ನ ಬಳಿ ಬಂದು, “ಎಲ್ಲಿಗಕ್ಕಾ?” ಎಂದರು.

“ಎರಡು” ಎಂದೆ.

“ಎರಡು ಸರಿ. ಎಲ್ಲಿಗೆ?”

ತುಟಿ ಮುಚ್ಚಿದೆ. ತೆರೆಯಲಿಲ್ಲ. ಅಕ್ಕಪಕ್ಕದವರು ತಿರುಗಿ ನೋಡಿದರು.

“ಮಳವಳ್ಳಿ ಇರ್ಬೇಕು” ಎಂದರು ಟವೆಲ್ ಹೊದ್ದಿದ್ದ ಒಬ್ಬರು, ಸಹಾಯ ಮಾಡುವ ಮನಸ್ಸಿನಿಂದ.

“ಮಳವಳ್ಳಿ ಆ ಕಡೀಕೆ ಅಲ್ವೇನ್ಲಾ? ಮೈಸೂರೇನೋ ಕೇಳು.”

“ಮೈಸೂರಿಗೆ ಹೋಗೋರು ಹಾರೋಹಳ್ಳಿ ಬಸ್ ಹತ್ತಾರೇನ್ಲಾ? ತಲೆ ಐತಾ ನಿಂಗೆ?”

ಕೆಲವರು ನಕ್ಕರು. ಅದು ಕೆಟ್ಟ ನಗೆಯಾಗಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಹೊತ್ತು ಹೋಗದ ಜನರ ನಗೆ, ಅಷ್ಟೇ. ಕಂಡಕ್ಟರಿಗೆ ಮಾತ್ರ ಹಿಂದೆ ಇನ್ನೂ ಟಿಕೆಟ್ ಕೊಡುವುದಿತ್ತು. “ಹಾರೋಹಳ್ಳಿನಾ ಅಕ್ಕ? ಹಾರೋಹಳ್ಳಿಗೆ ಎರಡು ಹೊಡೀಲಾ?” ಎಂದು ಯಂತ್ರದ ಮೇಲೆ ಬೆರಳಿಟ್ಟರು.

ಹೇಳುವ ಅಗತ್ಯವೂ ಇರಲಿಲ್ಲ. ತಲೆ ಒಂದಿಷ್ಟು ಬಗ್ಗಿಸಿದರೆ ಸಾಕಿತ್ತು. ಇಷ್ಟು ವರ್ಷ ನನ್ನ ಬದುಕು ಆ ತಲೆಯಾಟದ ಮೇಲೆಯೇ ನಡೆದುಕೊಂಡು ಬಂದಿತ್ತು. ಆದರೆ ಹಾರೋಹಳ್ಳಿಯಲ್ಲಿ ಇಳಿದರೆ ಮುಂದೆ ಆಟೋ. ಆಟೋ ಎಂದರೆ ಧೂಳು. ಜನರ ಸಂದಿಯಲ್ಲಿ ಅವ್ವನ ತಲೆ ಕಾಣುತ್ತಿತ್ತು. ಕಿವಿಯ ಮೇಲೆ, ಕಣ್ಣಿಗೆ ಕಟ್ಟಿದ್ದ ಹತ್ತಿಯ ಪಟ್ಟಿಯ ಅಂಚು, ಅದರ ಕೆಳಗೆ ಬಾಚಲಾಗದೆ ಕೆದರಿದ್ದ ಬಿಳಿ ಕೂದಲು.

ನಾನು ತಲೆಯನ್ನು ಅಡ್ಡಡ್ಡ ಆಡಿಸಿದೆ.

ಅಷ್ಟರಲ್ಲಿ ಅವ್ವನಿಗೆ ವಿಷಯ ತಿಳಿದುಹೋಗಿತ್ತು. “ಏ ಕಂಡಕ್ಟ್ರಪ್ಪಾ, ಇಲ್ಲಿ ಕೇಳು, ನಾವು…” ಎನ್ನುತ್ತ ಮುಂದಿನ ಸರಳು ಹಿಡಿದು ಏಳತೊಡಗಿದಳು. ಬಸ್ಸು ಅದೇ ವೇಳೆಗೆ ತಿರುವಿನಲ್ಲಿ ವಾಲಿತು. ಅವಳು ಬಿದ್ದರೇನು ಗತಿ ಎಂಬ ಭಯದಲ್ಲಿ ನನ್ನ ದನಿ ನನಗೇ ಅಪರಿಚಿತವಾಗುವಷ್ಟು ದೊಡ್ಡದಾಗಿ ಬಂತು.

“ಅವ್ವಾ, ಕೂತ್ಕೊ! ನಾನೇ ಹೇಳ್ತೀನಿ.”

ಅವಳು ಕೂತಳು. ಹೇಳುತ್ತೇನೆಂದು ಎಲ್ಲರೆದುರು ಹೇಳಿಯಾಗಿತ್ತು. ಇನ್ನು ಹೇಳಲೇಬೇಕಿತ್ತು. ಸಾಮಾನ್ಯವಾಗಿ ನಾನು ಉಗ್ಗನ್ನು ಮರೆಮಾಡಲು ನೋಡುತ್ತೇನೆ. ಕೆಮ್ಮುತ್ತೇನೆ, ಚೀಲ ಹುಡುಕುತ್ತೇನೆ, ಬೇರೆ ಪದ ಹಾಕುತ್ತೇನೆ. ಅಂದು ಏನನ್ನೂ ಮಾಡಲಿಲ್ಲ. ಕಂಡಕ್ಟರ ಮುಖವನ್ನೇ ನೋಡುತ್ತ, ಬಂದಂತೆ ಬರಲಿ ಎಂದು ಬಿಟ್ಟೆ.

“ಮ… ಮ…” ತುಟಿ ನಡುಗಿತು. ಯಾರೂ ಊಹಿಸಲಿಲ್ಲ. “ಮ… ಮರ… ಮರಳವಾಡಿ. ಎರಡು.”

ಅದು ಚೆಂದವಾಗಿ ಬರಲಿಲ್ಲ. ಎತ್ತಿನ ಗಾಡಿ ಕಲ್ಲು ಹತ್ತಿ ಇಳಿದಂತೆ ಬಂತು. ಆದರೆ ಪೂರ್ತಿ ಬಂತು. ನೆಲ ಬಿರಿಯಲಿಲ್ಲ.

“ಲಾಸ್ಟ್ ಸ್ಟಾಪು. ಆಧಾರ್ ತೋರ್ಸಕ್ಕ” ಎಂದರು ಕಂಡಕ್ಟರು. ಟಿಕೆಟ್ ಹರಿದು ಕೊಟ್ಟು ಮುಂದಿನವರ ಬಳಿ ಹೋದರು. ಅವರಿಗೆ ಅಷ್ಟೇ ಕೆಲಸವಿತ್ತು.

ಟವೆಲ್ಲಿನವರು ಸುಮ್ಮನಿರಲಿಲ್ಲ. “ಅಲ್ಲ ಕಣವ್ವಾ, ಮರಳವಾಡಿಗೇ ನಮ್ಮ ತಂಗೀನ ಕೊಟ್ಟಿರೋದು. ನೀವ್ ಯಾರ ಪೈಕಿ?” ಎಂದು ವಿಚಾರಣೆ ಆರಂಭಿಸಿದರು. ಅದಕ್ಕೂ ಉತ್ತರಿಸಬೇಕಾಯಿತು. ಉಗ್ಗುತ್ತಲೇ ಉತ್ತರಿಸಿದೆ. ಅವರು ಕಿವಿಗೊಟ್ಟು ಕೇಳಿ, ನಮ್ಮ ದೊಡ್ಡಪ್ಪನನ್ನು ಬಲ್ಲೆ ಎಂದರು.

ಹಾರೋಹಳ್ಳಿಯಲ್ಲಿ ಅರ್ಧ ಬಸ್ಸು ಖಾಲಿಯಾಯಿತು. ಅಭ್ಯಾಸಬಲದಿಂದ ನನ್ನ ಕಾಲುಗಳೂ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟವು. ಅವ್ವನ ಪಕ್ಕದ ಸೀಟು ತೆರವಾಗಿತ್ತು. ಹೋಗಿ ಕುಳಿತೆ. ಬಸ್ಸು ಹೊರಟ ಮೇಲೆ ಅವಳು ಮೆಲ್ಲಗೆ ಕೇಳಿದಳು.

“ದಿನಾ ಇಷ್ಟೊಂದ್ ಒದ್ದಾಡ್ತೀಯಾ ಮಗ?”

“ಇಲ್ಲ ಅವ್ವ. ದಿನಾ ಹಾರೋಹಳ್ಳಿಗೆ ಅಂತ ತಗೊಂಡು, ಇಲ್ಲೇ ಇಳ್ದು ಆಟೋ ಹತ್ತೀನಿ. ಆಟೋದೋರಾದ್ರೆ ಅವ್ರೇ ಕೂಗ್ತಾರೆ.”

ಅವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ಎಲ್ಲಾ ನಾನೇ ಹೇಳಿ ಹೇಳಿ, ನಿನ್ ಬಾಯಿ ಕಟ್ಟಾಕ್ಬುಟ್ನೇನೋ” ಎಂದಳು.

“ಹಂಗನ್ಬೇಡ ಕಣವ್ವ. ನೀನ್ ಹೇಳ್ದೆ ಇದ್ದಿದ್ರೆ ಅಂಗಡಿಲಿ ಒಂದ್ ಕಡ್ಲೆಮಿಠಾಯಿನೂ ಸಿಕ್ತಿರ್ಲಿಲ್ಲ ನಂಗೆ.”

ಅವಳು ನಕ್ಕಳು. ನಗಬಾರದು, ಕಣ್ಣಿಗೆ ಬಿಗಿಯಾಗುತ್ತದೆ ಎಂದು ನಾನು ಎಚ್ಚರಿಸಿದೆ. “ಆಯ್ತು ಬುಡು, ಡಾಕ್ಟ್ರಮ್ಮ” ಎಂದಳು. ಆಮೇಲೆ ಮುಚ್ಚಿದ ಕಿಟಕಿಯ ಕಡೆ ಮುಖ ತಿರುಗಿಸಿ, “ಒಂದ್ ಕಣ್ಗೆ ಪಟ್ಟಿ, ಇನ್ನೊಂದ್ರಲ್ಲಿ ಬರೀ ಮಂಜು. ದಾರಿ ಎಲ್ಗ್ ಬಂತು ಅಂತ್ಲೇ ಗೊತ್ತಾಗ್ತಿಲ್ಲ. ಆಚೆ ಏನೈತೆ, ಒಸಿ ಹೇಳ್ತಾ ಬಾ” ಎಂದಳು.

ನಾನು ಹೇಳತೊಡಗಿದೆ. ಹೊಸ ಬಡಾವಣೆಯ ಬೋರ್ಡು ಬಂತು ಎಂದೆ. ಹಿಪ್ಪುನೇರಳೆ ತೋಟಕ್ಕೆ ನೀರು ಬಿಟ್ಟಿದ್ದಾರೆ ಎಂದೆ. ಕುರಿ ಹಿಂಡು ಅಡ್ಡ ಬಂದು ಬಸ್ಸು ನಿಂತಾಗ, ಹಿಂದುಳಿದ ಮರಿಯೊಂದನ್ನು ಕುರಿಯವರು ಹೆಗಲ ಮೇಲೆ ಹಾಕಿಕೊಂಡದ್ದನ್ನು ಹೇಳಿದೆ. ಎಡವಿದಲ್ಲಿ ಎಡವಿದೆ, ನಿಂತಲ್ಲಿ ನಿಂತೆ. ಅವ್ವ “ಹೂಂ, ಹೂಂ” ಎನ್ನುತ್ತಿದ್ದಳು.

ಕೆರೆಯ ಏರಿಯನ್ನು ದಾಟಿದೆವು. ಅದರ ಮುಂದಿನದು ನಮ್ಮ ಚಿಕ್ಕಪ್ಪನವರ ತೋಪು. ಅವ್ವ ಮದುವೆಯಾಗಿ ಬಂದ ದಿನದಿಂದ ನೋಡುತ್ತಿರುವ ಜಾಗ.

“ಈಗ ಮ… ಮಾ…” ಎಂದು ತಡೆದು ನಿಂತೆ.

ಏರಿ ದಾಟಿದ ಮೇಲೆ ಏನು ಬರುತ್ತದೆಂಬುದು ಅವಳಿಗೆ ಕಣ್ಣಿಲ್ಲದೆಯೂ ಗೊತ್ತಿತ್ತು. ಆ ಪದ ಅವಳ ನಾಲಿಗೆಯ ತುದಿಯಲ್ಲಿದ್ದುದು ಅವಳ ಗಲ್ಲದ ಚಲನೆಯಲ್ಲಿ ನನಗೆ ಕಾಣುತ್ತಿತ್ತು. ಅವಳು ತುಟಿಗಳನ್ನು ಒತ್ತಿ ಹಿಡಿದು, ನನ್ನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಕಾದಳು. ಬಸ್ಸು ಒಂದು ಗುಂಡಿ ಇಳಿದು ಹತ್ತಿತು. ಅವಳು ಕಾಯುತ್ತಲೇ ಇದ್ದಳು.

“…ಮಾವಿನ ತೋಪು” ಎಂದೆ.

“ಹೂ ಬುಟ್ಟೈತಾ?” ಎಂದಳು ಅವ್ವ.